ಹೊಸ ಪಿಕಪ್ ವಾಹನ ಮತ್ತು ಅತಿಭಾರವೆಂಬ ಅತಿಚಾರ

ಅಂಗಡಿಯನ್ನೇ ಜೀವನಾಧಾರವಾಗಿ ನಂಬಿದ ಶ್ರಾವಕ ಕುಟುಂಬವೊಂದು ಮೊದಲ ಬಾರಿಗೆ ಸ್ವಂತ ಸರಕು ವಾಹನವನ್ನು ಕೊಳ್ಳಲು ಹೊರಟಾಗ ಆ ಮನೆಯಲ್ಲಿ ಸಂಭ್ರಮವಿರುವುದು ಸಹಜ. ಅದುವರೆಗೆ ಮಂಡಿಯಿಂದ ಚೀಲಗಳನ್ನು ತರಲು ಬಾಡಿಗೆಯ ಗಾಡಿಗಾಗಿ ಕಾಯಬೇಕಾಗಿತ್ತು. ಇನ್ನು ಆ ಪರಾಧೀನತೆ ಇಲ್ಲ. ಕೊಳ್ಳುವ ಮುನ್ನ ಹತ್ತು ಜನರನ್ನು ವಿಚಾರಿಸುವುದು ವ್ಯಾಪಾರಿಯ ವಿವೇಕ. ಯಾವ ಕಂಪನಿಯ ವಾಹನ ಬಾಳಿಕೆ ಬರುತ್ತದೆ, ಒಂದು ಲೀಟರಿಗೆ ಎಷ್ಟು ದೂರ ಓಡುತ್ತದೆ, ಬಿಡಿಭಾಗಗಳು ಊರಿನಲ್ಲಿಯೇ ದೊರೆಯುತ್ತವೆಯೇ, ಸಾಲದ ಕಂತು ಎಷ್ಟಾಗುತ್ತದೆ ಎಂಬ ಪ್ರಶ್ನೆಗಳೆಲ್ಲವೂ ಯೋಗ್ಯವಾದವೇ. ಆದರೆ ಇವುಗಳ ನಡುವೆ ಕೇಳದೆ ಉಳಿಯುವ ಪ್ರಶ್ನೆಯೊಂದಿದೆ. ಈ ವಾಹನದ ಮೇಲೆ ಎಷ್ಟು ಭಾರ ಹೇರಬೇಕು, ಇದನ್ನು ಎಷ್ಟು ದೂರ ಓಡಿಸಬೇಕು, ಈ ಮಿತಿಯನ್ನು ನಿಶ್ಚಯಿಸುವವರು ಯಾರು? ವಾಹನ ಮನೆಗೆ ಬಂದ ಮೇಲೆ ಈ ಪ್ರಶ್ನೆಯನ್ನು ಕೇಳಿದರೆ ಅದಕ್ಕೆ ಸಾಲದ ಕಂತು ಉತ್ತರ ಹೇಳುತ್ತದೆ. ಕೊಳ್ಳುವ ಮುನ್ನವೇ ಕೇಳಿದರೆ ವ್ರತವು ಉತ್ತರ ಹೇಳಲು ಅವಕಾಶವಿರುತ್ತದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಲಾಗಿದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಅತಿಯಾದ ಭಾರವನ್ನು ಹೇರುವುದು, ಅನ್ನಪಾನಗಳನ್ನು ತಡೆಯುವುದು ಎಂಬಿವೇ ಆ ಐದು. ಎತ್ತಿನ ಗಾಡಿಯಲ್ಲಿ ಧಾನ್ಯ ಸಾಗಿಸುತ್ತಿದ್ದ ಹಿರಿಯರಿಗೆ ಇವುಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನೊಗದ ಕೆಳಗೆ ಎತ್ತಿನ ಹೆಗಲು ಬಾತುಕೊಂಡರೆ ಅದು ಕಣ್ಣಿಗೆ ಕಾಣುತ್ತಿತ್ತು. ಇಂದಿನ ವ್ಯಾಪಾರಿಗೆ ಎತ್ತು ಇಲ್ಲ, ಕಬ್ಬಿಣಕ್ಕೆ ನೋವಿಲ್ಲ. ಆದುದರಿಂದ ಅತಿಭಾರಾರೋಪಣವೆಂಬ ಅತಿಚಾರ ತನಗೆ ಅನ್ವಯಿಸುವುದಿಲ್ಲವೆಂದು ಅವನು ಭಾವಿಸುವ ಸಂಭವವಿದೆ.

ಈ ಭಾವನೆ ಸರಿಯೇ ಎಂಬುದನ್ನು ಪರೀಕ್ಷಿಸಲು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಬಹಳ ಉಪಕಾರಿಯಾಗಿದೆ. ಅಲ್ಲಿ ಆಚಾರ್ಯರು ಅತಿಭಾರವನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಸಿದುದಲ್ಲದೆ, ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿಯೂ ಮತ್ತೊಮ್ಮೆ ಎಣಿಸಿದ್ದಾರೆ. ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ ಎಂಬ ಈ ಐದೂ ವ್ಯಾಪಾರಿಯ ದಿನಚರಿಯಿಂದಲೇ ಆಯ್ದವುಗಳಂತಿವೆ. ಒಂದೇ ದೋಷವು ಎರಡು ವ್ರತಗಳಲ್ಲಿ ಏಕೆ ಬರಬೇಕು? ಭಾರ ಹೊತ್ತ ಜೀವಿಯ ಕಡೆಯಿಂದ ನೋಡಿದರೆ ಅದು ಹಿಂಸೆ; ಭಾರ ಹೇರಿದವನ ಮನಸ್ಸಿನ ಕಡೆಯಿಂದ ನೋಡಿದರೆ ಅದು ಲೋಭ. ಎತ್ತಿನ ಬದಲು ಯಂತ್ರ ಬಂದಾಗ ಮೊದಲನೆಯದು ಇಲ್ಲವಾಯಿತೆಂದು ವಾದಕ್ಕಾಗಿ ಒಪ್ಪಿದರೂ ಎರಡನೆಯದು ಹಾಗೆಯೇ ಉಳಿಯುತ್ತದೆ. ಹತ್ತು ವಿಧದ ಬಾಹ್ಯ ಪರಿಗ್ರಹಗಳಲ್ಲಿ ‘ಯಾನ’ವೂ ಒಂದೆಂದು ಶಾಸ್ತ್ರವು ಸ್ಪಷ್ಟವಾಗಿಯೇ ಹೆಸರಿಸಿದೆ.

ಮೊದಲನೆಯದಾದರೂ ನಿಜವಾಗಿ ಇಲ್ಲವಾಗಿದೆಯೇ? ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ತಾಲ್ಲೂಕು ಕೇಂದ್ರವೊಂದರ ಕಿರಾಣಿ ವ್ಯಾಪಾರಿಯು ಮಗನೊಡನೆ ಕುಳಿತು ಲೆಕ್ಕ ಹಾಕುತ್ತಾನೆ. ಅವರು ನೋಡಿಬಂದ ಪಿಕಪ್ ವಾಹನದ ಒಟ್ಟು ತೂಕದ ಮಿತಿ ೩,೦೦೦ ಕಿಲೋ, ಖಾಲಿ ವಾಹನದ ತೂಕ ೧,೬೦೦ ಕಿಲೋ. ಉಳಿದ ೧,೪೦೦ ಕಿಲೋ ಪೂರ್ತಿಯಾಗಿ ಸರಕಿಗೇ ಎಂದು ತಿಳಿಯುವುದು ಹೊಸಬರು ಮಾಡುವ ಮೊದಲ ತಪ್ಪು. ಮೇಲೆ ಕಟ್ಟಿಸುವ ಕಬ್ಬಿಣದ ಚೌಕಟ್ಟು ೧೦೦ ಕಿಲೋ, ಚಾಲಕ ಮತ್ತು ಹಮಾಲಿ ಸೇರಿ ೧೫೦ ಕಿಲೋ ಎಂದರೆ ಸರಕಿಗೆ ಉಳಿಯುವುದು ೧,೧೫೦ ಕಿಲೋ, ಅಂದರೆ ೫೦ ಕಿಲೋದ ೨೩ ಚೀಲಗಳು. ಆದರೆ ತೊಟ್ಟಿಯಲ್ಲಿ ೪೦ ಚೀಲಗಳಿಗೆ ಸ್ಥಳವಿದೆ. ಬ್ಯಾಡಗಿ ಮೆಣಸಿನಕಾಯಿಯಂತಹ ಹಗುರ ಸರಕಾದರೆ ಸ್ಥಳ ತುಂಬಿದರೂ ತೂಕ ತುಂಬುವುದಿಲ್ಲ. ಅಕ್ಕಿ, ಬೆಲ್ಲ, ಸಿಮೆಂಟುಗಳಾದರೆ ಸ್ಥಳ ಖಾಲಿ ಉಳಿದಾಗಲೇ ತೂಕ ತುಂಬಿರುತ್ತದೆ. ಕಣ್ಣು ಸ್ಥಳವನ್ನು ನೋಡುತ್ತದೆ, ಚಕ್ರ ತೂಕವನ್ನು ಹೊರುತ್ತದೆ.

ಮಗನು ಹೇಳುತ್ತಾನೆ: “ಅಪ್ಪಾಜಿ, ೪೦ ಚೀಲಗಳನ್ನು ಒಂದೇ ಸಲ ತಂದರೆ ಕಂತು ಸುಲಭವಾಗಿ ತೀರುತ್ತದೆ. ಎರಡು ಸಲ ಹೋಗಿಬಂದರೆ ಡೀಸೆಲ್ ಎರಡು ಪಾಲು, ದಾರಿಯಲ್ಲಿ ಸಾಯುವ ಹುಳುಹುಪ್ಪಟೆಗಳೂ ಎರಡು ಪಾಲು. ಒಂದೇ ಸಲ ತರುವುದೇ ಅಲ್ಪಹಿಂಸೆಯಲ್ಲವೇ?”

ಈ ಮಾತನ್ನು ಕುತರ್ಕವೆಂದು ತಳ್ಳಿಹಾಕುವುದು ನ್ಯಾಯವಲ್ಲ. ವಾಹನ ಓಡಿದಷ್ಟೂ ಜೀವಹಾನಿ ಉಂಟೆಂಬುದು ಸತ್ಯ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ವಿಧದ ಹಿಂಸೆಗಳಲ್ಲಿ ಗೃಹಸ್ಥನು ಉದ್ಯೋಗೀ ಹಿಂಸೆಯನ್ನು ಪೂರ್ತಿಯಾಗಿ ಬಿಡಲಾರ. ಯತ್ನಾಚಾರದಿಂದ ಅದನ್ನು ಕಡಿಮೆ ಮಾಡಬಲ್ಲ. ಅನಗತ್ಯ ಸಂಚಾರವನ್ನು ತಪ್ಪಿಸುವುದು, ದೀಪದ ಬೆಳಕಿಗೆ ಕೀಟಗಳು ಮುತ್ತುವ ರಾತ್ರಿಯ ಸಂಚಾರವನ್ನು ಸಾಧ್ಯವಾದಷ್ಟು ಬಿಡುವುದು ಇವೆಲ್ಲ ಆ ಯತ್ನಾಚಾರದ ರೂಪಗಳೇ. ಆದರೆ ಮಗನ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ೪೦ ಚೀಲ ಹೇರಿದ ವಾಹನದ ಒಟ್ಟು ತೂಕ ೩,೮೫೦ ಕಿಲೋ. ಅದೇ ವೇಗದಲ್ಲಿ ಅದನ್ನು ನಿಲ್ಲಿಸಲು ಬ್ರೇಕುಗಳು ಕಾಲು ಪಾಲಿಗಿಂತ ಹೆಚ್ಚು ಶಕ್ತಿಯನ್ನು ತಡೆದುಕೊಳ್ಳಬೇಕು. ಟಯರುಗಳು ಮಿತಿಮೀರಿ ಬಿಸಿಯಾಗುತ್ತವೆ, ಸರಕು ಎತ್ತರವಾದಷ್ಟೂ ತಿರುವಿನಲ್ಲಿ ವಾಹನ ಮಗುಚುವ ಭಯ ಹೆಚ್ಚುತ್ತದೆ. ಗ್ಯಾರೇಜಿನಲ್ಲಿ ಸ್ಪ್ರಿಂಗ್ ಪ್ಲೇಟುಗಳನ್ನು ಹೆಚ್ಚಿಸಿಕೊಂಡರೆ ಸಾಕೆಂಬ ನಂಬಿಕೆಯೂ ಉಂಟು. ಪ್ಲೇಟುಗಳಿಂದ ತೊಟ್ಟಿ ಕುಗ್ಗದಿರಬಹುದು; ಬ್ರೇಕಿನ ಬಲ, ಟಯರಿನ ಬಲ ಅದರಿಂದ ಹೆಚ್ಚುವುದಿಲ್ಲ. ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದ ಕ್ಷಣ ಆ ಭಾರವನ್ನು ಹೊರುವವರು ಯಾರು? ವಾಹನದೊಳಗಿನ ಚಾಲಕ, ಎದುರಿಗೆ ಸೈಕಲ್ಲಿನಲ್ಲಿ ಬರುತ್ತಿರುವ ಶಾಲೆಯ ಬಾಲಕ, ರಸ್ತೆ ದಾಟುತ್ತಿರುವ ದನಕರು. ಎತ್ತಿನ ಹೆಗಲಿನಿಂದ ಇಳಿದ ಭಾರ ಕಬ್ಬಿಣದ ಮೇಲೆ ನಿಲ್ಲದೆ ಮನುಷ್ಯನ ಹೆಗಲಿಗೆ ಬಂದಿದೆ.

ಇಲ್ಲಿ ಪ್ರಮಾದದ ವಿಚಾರವೂ ಬರುತ್ತದೆ. ಪ್ರಮತ್ತಯೋಗದಿಂದ ಪ್ರಾಣಗಳ ಘಾತವಾಗುವುದೇ ಹಿಂಸೆಯೆಂಬುದು ಶಾಸ್ತ್ರದ ನಿರ್ಣಯ. ಮಿತಿಯೊಳಗೆ ಸರಕು ಹೇರಿ, ಎಚ್ಚರದಿಂದ ಓಡಿಸಿದರೂ ಆಗುವ ಹಾನಿ ಒಂದು ಬಗೆಯದು. ಮಿತಿ ಇಷ್ಟೇ ಎಂದು ಬಲ್ಲವನು, ಲಾಭಕ್ಕಾಗಿ ಅದನ್ನು ಮೀರಿ, ‘ಏನೂ ಆಗಲಾರದು’ ಎಂದುಕೊಂಡು ಕಳುಹಿಸಿದಾಗ ಆಗುವುದು ಇನ್ನೊಂದು ಬಗೆಯದು. ಎರಡನೆಯದನ್ನು ಉದ್ಯೋಗೀ ಹಿಂಸೆಯೆಂಬ ಹೆಸರಿನಲ್ಲಿ ಮರೆಮಾಡಲಾಗದು. ಅದರಲ್ಲಿ ಉದ್ಯೋಗದ ಅನಿವಾರ್ಯತೆ ಇಲ್ಲ, ಕಷಾಯದ ಪ್ರೇರಣೆ ಮಾತ್ರ ಇದೆ.

ಹಾಗಾದರೆ ಮಗನ ಪ್ರಶ್ನೆಗೆ ಉತ್ತರವೇನು? ಉತ್ತರವು ಭಾರ ಹೇರುವ ಸ್ಥಳದಲ್ಲಿ ಇಲ್ಲ, ವಾಹನ ಕೊಳ್ಳುವ ಸ್ಥಳದಲ್ಲಿದೆ. ಒಂದು ವರ್ಷದ ಖರೀದಿ ಪುಸ್ತಕವನ್ನು ಮುಂದಿಟ್ಟುಕೊಂಡು, ಸಾಮಾನ್ಯ ದಿನಗಳಲ್ಲಿ ಬರುವ ಸರಕಿನ ತೂಕವೆಷ್ಟೆಂದು ನೋಡಬೇಕು. ಅದು ೨೦ ಚೀಲವಾದರೆ ಈ ವಾಹನ ಸಾಕು; ದೀಪಾವಳಿಯ ಹಿಂದಿನ ವಾರವೋ ಸುಗ್ಗಿಯ ಕಾಲವೋ ೪೦ ಚೀಲ ಬಂದರೆ ಆ ನಾಲ್ಕಾರು ದಿನ ಬಾಡಿಗೆಯ ಗಾಡಿಯನ್ನು ಕರೆಯಬಹುದು. ಸಾಮಾನ್ಯ ದಿನವೇ ೪೦ ಚೀಲವಾದರೆ ಆ ಭಾರಕ್ಕೆಂದೇ ನಿರ್ಮಿತವಾದ ದೊಡ್ಡ ವಾಹನವನ್ನು ಕೊಳ್ಳಬೇಕು. ಒಟ್ಟು ತೂಕ ೩,೦೦೦ ಕಿಲೋ ಮೀರದ ಸರಕು ವಾಹನಕ್ಕೆ ೧೯೮೮ರ ಮೋಟಾರು ವಾಹನ ಕಾಯಿದೆಯಲ್ಲಿ ಪರ್ಮಿಟ್ಟಿನಿಂದ ವಿನಾಯಿತಿ ಇದೆ. ಆ ಅನುಕೂಲಕ್ಕಾಗಿ ಸಣ್ಣದನ್ನು ಕೊಂಡು ದೊಡ್ಡದರ ಭಾರ ಹೇರುವುದು ಕಾಯಿದೆಗೂ ವಂಚನೆ, ತನಗೂ ವಂಚನೆ.

ಕಂತಿನ ಲೆಕ್ಕವನ್ನೂ ಇದೇ ಅಳತೆಯಲ್ಲಿ ಹಾಕಬೇಕು. ಮಿತಿಯೊಳಗಿನ ಭಾರ, ಹಗಲಿನ ಸಂಚಾರ, ಚಾಲಕನ ನ್ಯಾಯವಾದ ಸಂಬಳ, ವಿಮೆ, ತೆರಿಗೆ, ದುರಸ್ತಿ ಇವುಗಳನ್ನೆಲ್ಲ ಕಳೆದ ಮೇಲೆ ಕಂತು ತೀರುವುದಾದರೆ ಸಾಲ ಮಾಡಬಹುದು. ಅತಿಭಾರ ಹೇರಿದರೆ ಮಾತ್ರ ಕಂತು ತೀರುವುದಾದರೆ, ಆ ಸಾಲಪತ್ರಕ್ಕೆ ಸಹಿ ಹಾಕುವ ದಿನವೇ ವ್ರತಭಂಗಕ್ಕೂ ಸಹಿ ಹಾಕಿದಂತಾಗುತ್ತದೆ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನಾಗಲು ಅರ್ಹನಾದವನ ಗುಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಗೇ ಇಟ್ಟಿದ್ದಾರೆ. ಅದರ ಅರ್ಥ ಇಂತಹ ಕಡೆ ತಿಳಿಯುತ್ತದೆ.

ಅತಿವಾಹನವೆಂಬ ಅತಿಚಾರಕ್ಕೆ ವ್ಯಾಖ್ಯಾನಕಾರರಾದ ಪ್ರಭಾಚಂದ್ರರು ಕೊಟ್ಟ ವಿವರಣೆ ಮನನಯೋಗ್ಯವಾಗಿದೆ. ಎತ್ತು ಮೊದಲಾದವು ಸುಖವಾಗಿ ಎಷ್ಟು ದೂರ ಹೋಗಬಲ್ಲವೋ ಅದಕ್ಕಿಂತ ಹೆಚ್ಚು ದೂರ ಲೋಭದಿಂದ ಅವುಗಳನ್ನು ನಡೆಸುವುದು ಅತಿವಾಹನ. ಇಂಜಿನ್ನು ದಣಿಯುವುದಿಲ್ಲ; ಅದರ ಮುಂದೆ ಕುಳಿತ ಚಾಲಕ ದಣಿಯುತ್ತಾನೆ. ಸಾರಿಗೆ ಕಾರ್ಮಿಕರ ೧೯೬೧ರ ಕಾಯಿದೆಯು ದಿನಕ್ಕೆ ೮ ಗಂಟೆ, ವಾರಕ್ಕೆ ೪೮ ಗಂಟೆ ಎಂಬ ಅಳತೆಯನ್ನು ಹಾಕಿಕೊಟ್ಟಿತು. ಒಬ್ಬನೇ ಚಾಲಕನಿರುವ ಸಣ್ಣ ಅಂಗಡಿಯಲ್ಲಿಯೂ ಈ ಅಳತೆಯನ್ನು ವ್ರತದಂತೆ ಪಾಲಿಸುವುದು ಶ್ರೇಯಸ್ಕರ. ಊಟಕ್ಕೆ ಬಿಡುವು ಕೊಡದೆ ‘ಇನ್ನೊಂದು ಟ್ರಿಪ್ ಮುಗಿಸಿ ಬಾ’ ಎಂದು ಫೋನಿನಲ್ಲಿ ಹೇಳುವುದು ಅನ್ನಪಾನನಿರೋಧವಲ್ಲದೆ ಮತ್ತೇನು?

ಉಳಿದ ಮೂರು ಅತಿಚಾರಗಳೂ ಈ ವಿಷಯಕ್ಕೆ ಹೊರತಲ್ಲ. ವಾಹನವಿದೆಯೆಂಬ ಕಾರಣಕ್ಕೇ ಬೇಡದ ಸರಕನ್ನು ತಂದು ಬೆಲೆ ಏರುವವರೆಗೆ ಕೂಡಿಡುವುದು ಅತಿಸಂಗ್ರಹ. ಎದುರಿನ ಅಂಗಡಿಯವನು ದೊಡ್ಡ ಗಾಡಿ ತಂದನೆಂದು ವಿಷಾದಪಟ್ಟು, ನಿನ್ನೆಯವರೆಗೆ ಸಾಕೆನಿಸಿದ್ದನ್ನು ಇಂದು ಹೀನವೆಂದು ಕಾಣುವುದು ಅತಿವಿಸ್ಮಯದ ಛಾಯೆ. ಯೋಗ್ಯ ಲಾಭ ಬಂದ ಮೇಲೂ ಇನ್ನಷ್ಟು ಬೇಕೆಂಬುದು ಅತಿಲೋಭ. ಹಿಂದಿನಿಂದ ನೋಡುತ್ತ ಬಂದರೆ ಅತಿಭಾರದ ಮೂಲವು ಈ ಮೂರರಲ್ಲಿಯೇ ಸಿಗುತ್ತದೆ.

‘ಹೆಚ್ಚು ಹೇರಿದವನು ಚಾಲಕ, ಅಥವಾ ಮಂಡಿಯ ಹಮಾಲರು, ಮಾಲೀಕನಿಗೆ ತಿಳಿಯದು’ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ ಕೃತ, ಕಾರಿತ, ಅನುಮತಗಳ ವಿಭಾಗ ಪ್ರತಿಯೊಬ್ಬ ಜೈನನಿಗೂ ಪರಿಚಿತ. ಆಶ್ಚರ್ಯವೆಂದರೆ ಮೋಟಾರು ವಾಹನ ಕಾಯಿದೆಯ ೧೯೪ನೆಯ ಪ್ರಕರಣವೂ ಇದೇ ಮೂರನ್ನು ಹೇಳುತ್ತದೆ. ಅತಿಭಾರದ ವಾಹನವನ್ನು ಓಡಿಸಿದವನು, ಓಡಿಸುವಂತೆ ಮಾಡಿದವನು, ಓಡಿಸಲು ಬಿಟ್ಟವನು ಎಲ್ಲರೂ ಹೊಣೆಗಾರರು. ೨೦೧೯ರ ತಿದ್ದುಪಡಿಯ ನಂತರ ಕಾಯಿದೆ ಹೇಳುವ ದಂಡ ೨೦,೦೦೦ ರೂಪಾಯಿ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ ೨,೦೦೦ ರೂಪಾಯಿ. ಹೆಚ್ಚಿನ ಸರಕನ್ನು ಇಳಿಸುವ ಖರ್ಚು ಬೇರೆ. ಆದರೆ ದಂಡದ ಭಯದಿಂದ ಪಾಲಿಸಿದ ಮಿತಿ ತನಿಖೆಯ ನಾಕೆ ಕಂಡಾಗ ಮಾತ್ರ ನೆನಪಾಗುತ್ತದೆ.

ಬಾಡಿಗೆಯ ವಿಚಾರವನ್ನೂ ಹೇಳಬೇಕು. ಸ್ವಂತ ಕೆಲಸವಿಲ್ಲದ ದಿನ ವಾಹನವನ್ನು ಬಾಡಿಗೆಗೆ ಕೊಟ್ಟರೆ ಕಂತಿಗೆ ನೆರವಾಗುವುದು ನಿಜ. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ತ್ಯಜಿಸಬೇಕಾದ ಹದಿನೈದು ವೃತ್ತಿಗಳನ್ನು ಎಣಿಸುವಾಗ ಗಾಡಿ, ಪಶುಗಳಿಂದ ಬಾಡಿಗೆಗೆ ಭಾರ ಹೊರಿಸುವ ವೃತ್ತಿಯನ್ನೂ ಸೇರಿಸಿದ್ದಾರೆ. ಪರರ ಸರಕನ್ನು ಹೊರುವಾಗ ಭಾರವನ್ನು ಪರರ ಲೋಭವೇ ಅಳೆಯುತ್ತದೆಂಬುದನ್ನು ನೆನೆದರೆ ಈ ನಿಷೇಧದ ಔಚಿತ್ಯ ತಿಳಿಯುತ್ತದೆ. ಬಾಡಿಗೆಯನ್ನು ಬಿಡಲಾಗದವರು ಕಡೆಯ ಪಕ್ಷ ಏನನ್ನು, ಎಷ್ಟು ತೂಕ, ಯಾವ ಹೊತ್ತಿನಲ್ಲಿ ಸಾಗಿಸಬೇಕೆಂಬ ಕರಾರನ್ನು ಮೊದಲೇ ಹೇಳಬೇಕು. ಮದ್ಯ, ಮಾಂಸ, ವಧೆಗೆ ಹೋಗುವ ಪಶುಗಳನ್ನು ಖಂಡಿತವಾಗಿ ನಿರಾಕರಿಸಬೇಕು.

ಬಸದಿಗಳ ಟ್ರಸ್ಟುಗಳಿಗೆ ಈ ವಿವೇಕ ಇನ್ನೂ ಅಗತ್ಯ. ಪಂಚಕಲ್ಯಾಣ, ರಥೋತ್ಸವಗಳ ಸಂದರ್ಭದಲ್ಲಿ ಪಾತ್ರೆ, ಶಾಮಿಯಾನ ಸಾಗಿಸಲೆಂದು ಕೊಂಡ ವಾಹನದ ತೊಟ್ಟಿಯಲ್ಲಿ ಯಾತ್ರಿಕರನ್ನೂ ಮಕ್ಕಳನ್ನೂ ನಿಲ್ಲಿಸಿ ಕರೆದೊಯ್ಯುವ ರೂಢಿ ಹಲವೆಡೆ ಉಂಟು. ಸರಕು ವಾಹನ ಜನರನ್ನು ಸಾಗಿಸಲು ಅಲ್ಲ. ಕಾಯಿದೆಯು ಕಡ್ಡಾಯಗೊಳಿಸಿದ ವಿಮೆಯು ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿಯನ್ನು ಗಣಿಸುತ್ತದೆಯೇ ಹೊರತು ಹೀಗೆ ಹತ್ತಿದ ಯಾತ್ರಿಕರನ್ನಲ್ಲ. ಧರ್ಮಕಾರ್ಯಕ್ಕೆಂದು ಹೊರಟವರ ಪ್ರಾಣವನ್ನು ಪ್ರಮಾದಕ್ಕೆ ಒಪ್ಪಿಸುವುದು ಪ್ರಭಾವನೆಯಾಗಲಾರದು.

ಹೊಸ ವಾಹನ ಮನೆಗೆ ಬಂದ ದಿನ ಮುಂಭಾಗದಲ್ಲಿ ಸ್ವಸ್ತಿಕವನ್ನು ಬರೆದು, ಹೂವೇರಿಸಿ, ಬಸದಿಯ ಮುಂದೆ ನಿಲ್ಲಿಸುವುದು ವಾಡಿಕೆ. ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದರಿಂದ ಅಪಘಾತ ತಪ್ಪುವುದೆಂಬುದು ಲೋಕಮೂಢತೆ. ಅದರ ಬದಲು ಆ ಕುಟುಂಬದವರು ಒಂದು ಕೆಲಸ ಮಾಡಬಹುದು. ಸರಕು ವಾಹನದ ಪಕ್ಕದಲ್ಲಿ ಅದರ ಖಾಲಿ ತೂಕ, ಒಟ್ಟು ತೂಕಗಳನ್ನು ಬಣ್ಣದಲ್ಲಿ ಬರೆದಿರುತ್ತಾರೆ. ತಂದೆ, ಮಗ, ಚಾಲಕ ಮೂವರೂ ಅದರ ಮುಂದೆ ನಿಂತು, ಚೀಲಗಳ ಲೆಕ್ಕದಲ್ಲಿ ಆ ಮಿತಿಯನ್ನು ನಿಶ್ಚಯಿಸಿ, ಇದನ್ನು ಮೀರುವುದಿಲ್ಲವೆಂದು ನಿಯಮ ಸ್ವೀಕರಿಸಲಿ. ಮೀರಲು ಹೇಳಿದಾಗ ಒಲ್ಲೆನೆನ್ನುವ ಅಧಿಕಾರವನ್ನು ಚಾಲಕನಿಗೆ ಅಂದೇ ಎಲ್ಲರೆದುರು ಕೊಡಲಿ. ಆ ನಿಯಮದಿಂದ ವರ್ಷದ ಲಾಭದಲ್ಲಿ ಒಂದಿಷ್ಟು ಕಡಿಮೆಯಾಗುವುದು ನಿಶ್ಚಯ. ಕಡಿಮೆಯಾಗುವುದಿಲ್ಲವೆಂದು ಹೇಳುವುದು ಸತ್ಯಾಣುವ್ರತಕ್ಕೆ ಸಲ್ಲದು. ಆ ಕಡಿಮೆಯಾದ ಮೊತ್ತವೇ ಪರಿಗ್ರಹ ಪರಿಮಾಣ. ಏನನ್ನೂ ಬಿಡದೆ ಪಾಲಿಸಬಹುದಾದ ಪರಿಮಾಣವನ್ನು ಆಚಾರ್ಯರು ವ್ರತವೆಂದು ಕರೆದಿಲ್ಲ.