ನಮಗೆ ಹೊಳೆಯಿತು



ಕಿರಿಮಂಜೇಶ್ವರದ ಕಡಲಕರೆಯಲ್ಲಿ ಮೀನುಗಾರನು ನೀರಿನ ಬಣ್ಣವನ್ನು ನೋಡಿ, ಇಲ್ಲಿ ಮೀನುಂಟು ಅನ್ನುವನು. ಹೇಗೆ ತಿಳಿಯಿತೆಂದು ಕೇಳಿದರೆ, ಮನಸ್ಸಿಗೆ ಹೊಳೆಯಿತು ಅನ್ನುವನು. ಕಿಟ್ಟೆಲ್ ಪಾದ್ರಿಯವರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ನಿಘಂಟಿಗಾಗಿ ನಮ್ಮ ಶಬ್ದಗಳನ್ನು ಒಂದೊಂದಾಗಿ ತೂಗಿ ನೋಡಿದರು. ನಾವು ಈ ಒಂದನ್ನು ತೂಗೋಣ.

ನಾವು ತಿಳಿದೆವು ಎನ್ನುವಾಗ ಕರ್ತೃಗಳು ನಾವೇ. ನಮಗೆ ಹೊಳೆಯಿತು ಎನ್ನುವಾಗಲೋ ಕರ್ತೃವು ಆ ಸಂಗತಿಯೇ; ನಾವು ಚತುರ್ಥೀ ವಿಭಕ್ತಿಯಲ್ಲಿ ಕೈಯೊಡ್ಡಿ ನಿಂತವರು. ಹೊಳೆದದ್ದು ಸಂಪಾದನೆಯಲ್ಲ, ದಾನವು. ಆದದರಿಂದ ಹೆಚ್ಚಳಪಡುವದಕ್ಕೆ ಎಡೆಯಿಲ್ಲ.

ಇದಲ್ಲದೆ ಆ ಮೀನುಗಾರನು ವರುಷಗಟ್ಟಲೆ ಕಡಲನ್ನು ನೋಡಿದವನು. ಹೊಳೆದ ಮೇಲೆಯೂ ಬಲೆ ಬೀಸಿಯೇ ಪರೀಕ್ಷಿಸುವನು. ನಾವು ಹಾಗೆ ಮಾಡಲಿಲ್ಲ. ಒಮ್ಮೆ ಕಾಣಿಕೆಯ ಹಣವು ಲೆಕ್ಕಕ್ಕೆ ಕಡಿಮೆ ಬಂದಾಗ, ಬಡ ಸಹೋದರನೊಬ್ಬನು ತೆಗೆದನೆಂದು ನಮಗೆ ಹೊಳೆಯಿತು. ವಿಚಾರಿಸದೆ ಅವನ ಸಂಗಡ ಮಾತು ಬಿಟ್ಟೆವು. ವಾರವಾದ ಮೇಲೆ ತಪ್ಪು ನಾವು ಕೂಡಿಸಿದ ಲೆಕ್ಕದಲ್ಲಿಯೇ ಸಿಕ್ಕಿತು. ಲೆಕ್ಕವು ಒಂದು ಗಳಿಗೆಯಲ್ಲಿ ಸರಿಯಾಯಿತು. ಅವನ ಮನಸ್ಸು ಸರಿಯಾಗುವದಕ್ಕೆ ಬಹು ದಿನ ಹಿಡಿಯಿತು.

ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯವನ್ನು ಓದಿರಿ. ಶಾಸ್ತ್ರಿಗಳು ಬಾಯಿ ತೆರೆಯುವ ಮೊದಲೇ ಕರ್ತನಾದ ಯೇಸು ಅವರ ಹೃದಯದ ಆಲೋಚನೆಯನ್ನು ತನ್ನ ಆತ್ಮದಲ್ಲಿ ಅರಿತನು. ಅರಿತು, ಮರೆಯಲ್ಲಿ ದೂರದೆ, ಎದುರಿಗೇ ಅವರನ್ನು ಕೇಳಿದನು. ಹೃದಯಗಳನ್ನು ತಪ್ಪದೆ ಬಲ್ಲಾತನೇ ಹೀಗೆ ಕೇಳಿದ ಮೇಲೆ, ನಾವು ಕೇಳದೆ ತೀರ್ಪು ಮಾಡಬಹುದೋ?

ನೆರೆಯವನಿಗೆ ಮಾಡತಕ್ಕ ಒಳ್ಳೇದು ಹೊಳೆದರೆ ಈ ಹೊತ್ತೇ ಮಾಡಿರಿ. ಅವನ ಕೆಟ್ಟದು ಹೊಳೆದರೆ, ಮೊದಲು ಅವನ ಅಂಗಳಕ್ಕೆ ಹೋಗಿ ಅವನನ್ನೇ ಕೇಳಿರಿ.