ಎಣಿಕೆ ಯಂತ್ರದ್ದು, ಹೊಣೆ ಯಾರದು?

ಮನುಷ್ಯನು ತನ್ನ ನಿದ್ರೆಗೆ ತಾನೇ ಸಾಕ್ಷಿಯಾಗಲಾರನು. ರಾತ್ರಿಯಿಡೀ ಗೊರಕೆ ಹೊಡೆದು, ನಡುನಡುವೆ ಉಸಿರು ನಿಂತು ಒದ್ದಾಡಿದವನೂ ಬೆಳಿಗ್ಗೆ ಎದ್ದು ‘ಚೆನ್ನಾಗಿ ನಿದ್ರೆ ಬಂತು’ ಎನ್ನುವುದುಂಟು. ಅವನ ಪರವಾಗಿ ಸಾಕ್ಷಿ ನುಡಿಯುವವರು ಎಚ್ಚರದಿಂದಿರುವುದು ಆದುದರಿಂದ ಅತ್ಯವಶ್ಯ. ಇಂದು ಈ ಕೆಲಸವನ್ನು ತಜ್ಞರೂ ಕಂಪ್ಯೂಟರೂ ಹಂಚಿಕೊಂಡಿರುವುದರಿಂದ, ಇಬ್ಬರಲ್ಲಿ ಹೊಣೆ ಹೊರತಕ್ಕವರು ಯಾರು ಎಂಬ ಪ್ರಶ್ನೆಯು ವಿಚಾರಾರ್ಹವಾಗಿದೆ.

ಪೂರ್ಣ ನಿದ್ರಾ ಪರೀಕ್ಷೆಯಲ್ಲಿ ಮಿದುಳಿನ ಅಲೆಗಳು, ಕಣ್ಣಿನ ಚಲನೆ, ಗಲ್ಲದ ಸ್ನಾಯುವಿನ ಬಿಗಿತ, ಉಸಿರಾಟ, ರಕ್ತದಲ್ಲಿನ ಆಮ್ಲಜನಕ, ಹೃದಯದ ಬಡಿತ ಇವೆಲ್ಲವೂ ರಾತ್ರಿಯಿಡೀ ದಾಖಲಾಗುತ್ತವೆ. ಈ ದಾಖಲೆಯನ್ನು 30 ಸೆಕೆಂಡುಗಳ ತುಂಡುಗಳಾಗಿ ವಿಭಾಗಿಸಿ, ಪ್ರತಿಯೊಂದೂ ಎಚ್ಚರವೋ, ಮಂಪರೋ, ಗಾಢನಿದ್ರೆಯೋ, ಕನಸಿನ ನಿದ್ರೆಯೋ ಎಂದು ಗುರುತು ಹಾಕಬೇಕು. 8 ಗಂಟೆಗಳ ದಾಖಲೆಯಲ್ಲಿ ಇಂತಹ 960 ತುಂಡುಗಳಿರುತ್ತವೆ. ಇದರ ನಿಯಮಗಳನ್ನು ರೆಕ್ಟ್‌ಷಾಫೆನ್ ಮತ್ತು ಕೇಲ್ಸ್ ಎಂಬ ವಿಜ್ಞಾನಿಗಳು 1968ರಲ್ಲಿ ಕ್ರೋಡೀಕರಿಸಿದರು. ಅಮೆರಿಕದ ನಿದ್ರಾವೈದ್ಯಶಾಸ್ತ್ರ ಅಕಾಡೆಮಿಯು 2007ರಲ್ಲಿ ಹೊಸ ಕೈಪಿಡಿಯನ್ನು ಹೊರತಂದಿತು. ತಂತ್ರಜ್ಞರು ಬಹಳ ಹೊತ್ತು ಕುಳಿತು ಮಾಡಬೇಕಾದ ಈ ಕೆಲಸವನ್ನು ತಂತ್ರಾಂಶವು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ಅದಕ್ಕೆ ದಣಿವಿಲ್ಲ, ಬೇಸರವೂ ಇಲ್ಲ.

ಹಾಗಾದರೆ ಮನುಷ್ಯನ ಕಣ್ಣೇ ಪರಮ ಪ್ರಮಾಣವೆಂದು ಹಟ ಹಿಡಿಯಬಹುದೇ? ಅದೂ ಸಲ್ಲದು. 2,500ಕ್ಕೂ ಹೆಚ್ಚು ಮಂದಿ ಒಂದೇ ದಾಖಲೆಗಳಿಗೆ ಹಾಕಿದ ಗುರುತುಗಳನ್ನು ಅದೇ ಅಕಾಡೆಮಿಯ ಪರಿಶೀಲನಾ ಕಾರ್ಯಕ್ರಮದಲ್ಲಿ ಹೋಲಿಸಿ ನೋಡಿ, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಲಾಯಿತು. ಬಹುಮತದ ತೀರ್ಪಿಗೆ ಹೊಂದಿದ ಗುರುತುಗಳು ಒಟ್ಟಿನಲ್ಲಿ ಶೇ. 82.6; ಮಂಪರಿನ ಹಂತದಲ್ಲಿ ಕೇವಲ ಶೇ. 63. ಎಚ್ಚರಕ್ಕೂ ನಿದ್ರೆಗೂ ನಡುವಣ ಗಡಿಯೇ ಅಷ್ಟು ಮಸುಕಾದುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಸಹೋದ್ಯೋಗಿಗಳೊಡನೆ 2018ರಲ್ಲಿ ಪ್ರಕಟಿಸಿದ ವಿಧಾನವೊಂದರಲ್ಲಿ ಯಂತ್ರವು ‘ಇದು ಮಂಪರು’ ಎಂದು ತೀರ್ಪು ಕೊಟ್ಟು ಸುಮ್ಮನಾಗದೆ, ಮಂಪರಾಗಿರುವ ಸಂಭವ ಎಷ್ಟು, ಎಚ್ಚರವಾಗಿರುವ ಸಂಭವ ಎಷ್ಟು ಎಂಬುದನ್ನೂ ತಿಳಿಸುತ್ತದೆ. ತನ್ನ ಸಂದೇಹವನ್ನು ಬಚ್ಚಿಡದ ಈ ಗುಣ ಮನುಷ್ಯನಿಗೂ ಅನುಕರಣೀಯ.

ಇನ್ನು ಯಂತ್ರದ ಮಿತಿಯನ್ನು ನೋಡೋಣ. ಗಂಟೆಗೆ ಎಷ್ಟು ಬಾರಿ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಸಂಖ್ಯೆಯಿಂದ ವಯಸ್ಕರಲ್ಲಿ ಸ್ಲೀಪ್ ಆಪ್ನಿಯಾ ರೋಗದ ತೀವ್ರತೆಯನ್ನು ಅಳೆಯುತ್ತಾರೆ: 5ರಿಂದ ಅಲ್ಪ, 15ರಿಂದ ಮಧ್ಯಮ, 30ರಿಂದ ತೀವ್ರ. ಮನೆಯಲ್ಲಿ ಮಾಡುವ ಸರಳ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಮಿದುಳಿನ ಅಲೆಗಳು ದಾಖಲಾಗುವುದಿಲ್ಲ. 6 ಗಂಟೆಗಳಲ್ಲಿ 60 ಬಾರಿ ಉಸಿರು ತಡೆಯಾಯಿತು ಎನ್ನೋಣ. ಯಂತ್ರವು ಭಾಗಿಸಿ 10 ಎನ್ನುತ್ತದೆ, ರೋಗ ಅಲ್ಪ. ಆದರೆ ಆ ವ್ಯಕ್ತಿ 2 ಗಂಟೆ ಎಚ್ಚರವಾಗಿಯೇ ಹೊರಳಾಡಿದ್ದರೆ ನಿದ್ರೆ ಕೇವಲ 4 ಗಂಟೆ. ಆಗ ಸಂಖ್ಯೆ 15, ರೋಗ ಮಧ್ಯಮ. ಭಾಗಾಕಾರದಲ್ಲಿ ತಪ್ಪಿಲ್ಲ, ತಪ್ಪು ಭಾಜಕದಲ್ಲಿದೆ. ‘ನೀವು ಎಷ್ಟು ಹೊತ್ತು ಮಲಗಿದ್ದಿರಿ? ಹಗಲು ತೂಕಡಿಕೆ ಬರುತ್ತದೆಯೇ?’ ಎಂದು ಕೇಳಿ, ಸಂದೇಹವಿದ್ದಲ್ಲಿ ಪೂರ್ಣ ಪರೀಕ್ಷೆಗೆ ಕಳುಹಿಸುವವರು ತಜ್ಞರೇ. ಮನೆಯ ಪರೀಕ್ಷೆಯಲ್ಲಿ ಯಂತ್ರದ ಸಾರಾಂಶವನ್ನಷ್ಟೇ ನಂಬದೆ ಮೂಲ ದಾಖಲೆಯನ್ನು ಅರ್ಹ ವೈದ್ಯರು ನೋಡಲೇಬೇಕೆಂದು ಅಕಾಡೆಮಿಯ 2017ರ ಮಾರ್ಗದರ್ಶಿಯು ವಿಧಿಸಿರುವುದು ಯುಕ್ತವಾಗಿದೆ.

ನೈತಿಕ ಸಂಕಟವಿರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಯಂತ್ರವು ಬಹುಪಾಲು ಸರಿಯಾಗಿಯೇ ಹೇಳುತ್ತದೆಂಬ ಅನುಭವವಾದ ಮೇಲೆ ಕಣ್ಣು ಸೋಮಾರಿಯಾಗುತ್ತದೆ. ವರದಿಯ ಕೆಳಗೆ ಸಹಿ ಬೀಳುತ್ತದೆ, ದಾಖಲೆ ತೆರೆದೇ ಇರುವುದಿಲ್ಲ. ವೋಚರುಗಳನ್ನು ನೋಡದೆ ಅಢಾವೆ ಪತ್ರಿಕೆಗೆ ಸಹಿ ಹಾಕುವ ಲೆಕ್ಕಪರಿಶೋಧಕನಿಗೂ ಇವರಿಗೂ ಏನು ಭೇದ? ಒಬ್ಬನೇ ಸಾಕ್ಷಿಯಿದ್ದು ಇಬ್ಬರಿದ್ದಾರೆಂದು ರೋಗಿಗೆ ತಿಳಿಸಿದಂತಾಯಿತು. ತಪ್ಪು ವರದಿಯಿಂದ ಹಾನಿಯಾಗಲಿ ಆಗದಿರಲಿ, ನೋಡದೆ ‘ನೋಡಿದೆ’ ಎನ್ನುವುದು ಅಸತ್ಯವೇ. ಅದರ ಮೂಲ ಪ್ರಮಾದ. ಯಂತ್ರವು ಸಂದೇಹಪಟ್ಟ ಸ್ಥಳಗಳನ್ನು ಎಲ್ಲವನ್ನೂ, ಅದು ನಿಶ್ಚಯವಾಗಿ ಹೇಳಿದ ಸ್ಥಳಗಳಲ್ಲಿ ಕೆಲವನ್ನಾದರೂ ಪರಿಶೀಲಿಸಿ, ತಾವು ತಿದ್ದಿದ್ದೇನೆಂಬುದನ್ನು ಬರೆದಿಟ್ಟಾಗ ಮಾತ್ರ ಆ ಸಹಿಗೆ ಅರ್ಥವುಂಟು.

ಈ ವಿಚಾರ ವೈದ್ಯರಿಗಷ್ಟೇ ಸೇರಿದ್ದಲ್ಲ. ಧರ್ಮಾರ್ಥ ಆಸ್ಪತ್ರೆಗಳಿಗೆ ಯಂತ್ರಗಳನ್ನು ದಾನವಾಗಿ ಕೊಡುವ ಟ್ರಸ್ಟುಗಳು ನಮ್ಮಲ್ಲಿವೆ. ಯಂತ್ರದ ಮೇಲೆ ದಾನಿಗಳ ಹೆಸರಿನ ಫಲಕವನ್ನು ಹಾಕಬಹುದು. ತಜ್ಞರು ದಾಖಲೆಯ ಮುಂದೆ ಕುಳಿತ ಒಂದು ಗಂಟೆಯ ಮೇಲೆ ಫಲಕ ಹಾಕಲು ಬರುವುದಿಲ್ಲ. ಆದುದರಿಂದಲೇ ಆ ಗಂಟೆಗೆ ಹಣ ದೊರೆಯುವುದು ಕಷ್ಟ. ಯಂತ್ರ ಕೊಳ್ಳುವ ಠರಾವನ್ನು ಅಂಗೀಕರಿಸುವ ಸಭೆಯಲ್ಲಿಯೇ, ಅದರ ವರದಿಯನ್ನು ಓದುವವರ ವೇಳೆಗೂ ವರ್ಷವರ್ಷವೂ ಮೊಬಲಗನ್ನು ಮೀಸಲಿಡಬೇಕೆಂದು ವಿಶ್ವಸ್ತರಲ್ಲಿ ನನ್ನ ವಿನಮ್ರ ಸೂಚನೆ.