ಬಿಟ್ಟುಕೊಡುವುದಕ್ಕೂ ಹಕ್ಕು ಬೇಕು

ಸಭೆಗಳಲ್ಲಿ, ಮದುವೆಮನೆಯ ಹರಟೆಯಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ ಒಂದು ಮಾತು ಪದೇಪದೇ ಕೇಳಿಬರುತ್ತದೆ: ವ್ಯಕ್ತಿ ಎಂಬುದು ಪಶ್ಚಿಮದ ಕಲ್ಪನೆ, ನಮ್ಮಲ್ಲಿ ಮನುಷ್ಯನೆಂದರೆ ಅವನ ಮನೆತನ, ಕುಲ, ಊರು. ಈ ಲೇಖಕಿಗೆ ಸಿಟ್ಟು ತರಿಸುವುದು ಆ ಮಾತು ಹೊರಬೀಳುವ ಹೊತ್ತು. ಮಗ ಊರು ಬಿಟ್ಟು ಅಮೆರಿಕಕ್ಕೆ ಹೊರಟಾಗ ಯಾರೂ ಅದನ್ನು ಹೇಳುವುದಿಲ್ಲ. ಮಗಳು ತಾನು ಮೆಚ್ಚಿದವನನ್ನೇ ಮದುವೆಯಾಗುತ್ತೇನೆ ಎಂದಾಗ, ಇಲ್ಲವೇ ಆಸ್ತಿಯಲ್ಲಿ ಪಾಲು ಕೇಳಿದಾಗ ಹೇಳುತ್ತಾರೆ.

ಹನಿ ಕಡಲಲ್ಲಿ ಕರಗುವ ವೇದಾಂತದ ಮಾತು ಇಲ್ಲಿ ನೆರವಿಗೆ ಬಾರದು. ತನ್ನನ್ನು ತಾನೇ ಒಂಟಿಯಾಗಿ ಕಟ್ಟಿಕೊಳ್ಳುವ, ತತ್ವಜ್ಞಾನಿ ಸಾರ್ತ್ರನ ಮನುಷ್ಯನಿಗೆ ತವರಿನ ಹಂಗು ಇದ್ದಂತಿಲ್ಲ. ಅವೆರಡನ್ನೂ ಬದಿಗಿಡಬಹುದು. ಬದಿಗಿಡಲಾಗದವರು ಲೂಯಿ ದ್ಯುಮೋ.

ದ್ಯುಮೋ (1911–1998) ಫ್ರೆಂಚ್ ಮಾನವಶಾಸ್ತ್ರಜ್ಞ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸೆರೆಸಿಕ್ಕಾಗ ಸಂಸ್ಕೃತ ಕಲಿತವರು, ಆಮೇಲೆ ತಮಿಳುನಾಡಿನ ಪ್ರಮಲೈ ಕಳ್ಳರ್ ಸಮುದಾಯದ ನಡುವೆ ಇದ್ದು ಅಧ್ಯಯನ ಮಾಡಿದವರು. 1966ರಲ್ಲಿ ಬಂದ ಅವರ ‘ಹೋಮೋ ಹೈರಾರ್ಕಿಕಸ್’ ಜಾತಿವ್ಯವಸ್ಥೆಯ ಬಗ್ಗೆ ಇಂದಿಗೂ ಜಗಳ ಎಬ್ಬಿಸುವ ಪುಸ್ತಕ. ಅದಕ್ಕಿಂತ ಮೊದಲೇ, 1960ರ ಒಂದು ಪ್ರಬಂಧದಲ್ಲಿ, ಅವರು ಹೀಗೆ ವಾದಿಸಿದ್ದರು: ಭಾರತದಲ್ಲಿ ಲೋಕದೊಳಗೆ ಬಾಳುವವನು ಸಂಬಂಧಗಳ ಬಲೆಯಲ್ಲಿರುವವನು, ಅಲ್ಲಿ ಸ್ವತಂತ್ರ ವ್ಯಕ್ತಿಗೆ ಜಾಗವಿಲ್ಲ, ವ್ಯಕ್ತಿಯಾಗಬೇಕಾದರೆ ಲೋಕ ಬಿಡಬೇಕು. ಅಂದರೆ ಇಲ್ಲಿ ವ್ಯಕ್ತಿ ಎಂದು ಕರೆಯಬಹುದಾದವನು ಸಂನ್ಯಾಸಿ ಮಾತ್ರ.

ಕರ್ನಾಟಕದಲ್ಲಿ ಹುಟ್ಟಿ ಬೆಳೆದವರಿಗೆ ಇದಕ್ಕೆ ಉತ್ತರ ನಾಲಿಗೆಯ ತುದಿಯಲ್ಲೇ ಇದೆ. ಹನ್ನೆರಡನೇ ಶತಮಾನದ ಶರಣರಲ್ಲಿ ಬಹಳ ಮಂದಿ ಕಾಡಿಗೆ ಹೋದವರಲ್ಲ. ಬಸವಣ್ಣ ಬಿಜ್ಜಳನ ಆಸ್ಥಾನದಲ್ಲಿದ್ದವರು. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದನೆಂದು ಅದನ್ನು ವಾಪಸು ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮ ಸಂಸಾರದಲ್ಲೇ ಇದ್ದವಳು. ಇತರರಲ್ಲಿ ಹೆಚ್ಚಿನವರು ತಮ್ಮ ವಚನಗಳಿಗೆ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟರೆ, ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಇಟ್ಟ. ದೋಣಿ ನಡೆಸುತ್ತಲೇ, ಲೋಕವನ್ನು ಬಿಡದೆಯೇ, ತನ್ನ ಮಾತಿಗೆ ತಾನೇ ಹೊಣೆ ಎಂದು ರುಜು ಹಾಕಿದ ಮನುಷ್ಯ ಅವನು.

ಆದರೆ ದ್ಯುಮೋ ಇಷ್ಟಕ್ಕೆ ಸೋಲುವವರಲ್ಲ. ಅವರ ಮೊದಲ ಉತ್ತರ: ಹಟವಾದಿಗಳು, ಎದುರು ನಿಲ್ಲುವವರು ಎಲ್ಲ ಸಮಾಜಗಳಲ್ಲೂ ಇರುತ್ತಾರೆ, ಸಮಾಜ ವ್ಯಕ್ತಿಯನ್ನು ಒಂದು ಮೌಲ್ಯವೆಂದು ಒಪ್ಪಿತೇ ಎಂಬುದು ಬೇರೆಯೇ ಪ್ರಶ್ನೆ. ಎರಡನೆಯದು ಇನ್ನೂ ಹರಿತ. ಲಿಂಗಾಯತರ ಉದಾಹರಣೆಯನ್ನು ಅವರೇ ತಮ್ಮ ಪುಸ್ತಕದಲ್ಲಿ ಎತ್ತಿಕೊಂಡಿದ್ದಾರೆ. ಜಾತಿಯನ್ನು ಮೀರಲು ಹೊರಟ ಪಂಥ ಲೋಕದೊಳಗೆ ನೆಲೆನಿಂತ ಮೇಲೆ ಜಾತಿಯಂತೆಯೇ ಬಾಳತೊಡಗುತ್ತದೆ ಎಂಬುದು ಅವರ ಮಾತಿನ ಸಾರ. ಒಳಪಂಗಡ ನೋಡಿ ಹೆಣ್ಣು ಕೊಡುವ ಮನೆಗಳನ್ನು ಹತ್ತಿರದಿಂದ ಬಲ್ಲ ಯಾರೂ ಇದನ್ನು ಸುಳ್ಳೆನ್ನಲಾರರು. ಚೌಡಯ್ಯನ ಅಂಕಿತದಲ್ಲೂ ಹೆಸರಿನ ಮುಂದೆ ಅಂಬಿಗರ ಕುಲವಿದೆ. ಇಷ್ಟನ್ನು ಅವರಿಗೆ ಬಿಟ್ಟುಕೊಡಲೇಬೇಕು.

ಹಾಗಿದ್ದರೂ ದ್ಯುಮೋ ತಪ್ಪಿದ್ದಾರೆ ಎಂದು ಈ ಲೇಖಕಿಗೆ ಅನ್ನಿಸಿದ್ದು ತನ್ನ ಮನೆಯ ಕಾಗದಪತ್ರಗಳಿಂದ. ಅಜ್ಜನ ಕಾಲದ ಪಾಲುಪಟ್ಟಿಯಲ್ಲಿ ಅವರ ತಂಗಿಯರ ಹೆಸರೇ ಇಲ್ಲ. ಇರಬೇಕೆಂದು ಯಾರಿಗೂ ತೋಚಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಪ್ಪನ ಪಾಲಿನಲ್ಲಿ ಮಗಳಿಗೂ ಒಂದು ಅಂಶ ಕೊಟ್ಟಿತಾದರೂ, ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. ಕರ್ನಾಟಕದ ತಿದ್ದುಪಡಿ 1994ರಲ್ಲಿ ಅದನ್ನು ಮದುವೆಯಾಗದ ಹೆಣ್ಣುಮಕ್ಕಳಿಗೆ ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ವಿಸ್ತರಿಸಿತು. ಹೀಗಾಗಿ ಅಪ್ಪನ ತಲೆಮಾರಿನಲ್ಲಿ ಜಮೀನು ಭಾಗವಾಗುವ ಹೊತ್ತಿಗೆ ಅತ್ತೆಯರಿಬ್ಬರ ಸಹಿ ಬೇಕಾಯಿತು.

ದೊಡ್ಡತ್ತೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. ಯಾಕೆ ಎಂದು ಕೇಳಿದ್ದಕ್ಕೆ ಅವರೆಂದದ್ದು: “ಹತ್ತು ಗುಂಟೆ ಇಸ್ಕಂಡು ತವರಿನ ಬಾಗ್ಲು ಮುಚ್ಚಿಸ್ಕಬೇಕೇನವ್ವ?” ಮೊದಮೊದಲು ಈ ಲೇಖಕಿಗೆ ಅದು ಶುದ್ಧ ಶರಣಾಗತಿಯಾಗಿ ಕಂಡಿತು. ಆದರೆ ಕೆಲವು ವರ್ಷಗಳ ನಂತರ ತಮ್ಮಂದಿರು ಬಾವಿಯ ಪಕ್ಕದ ಹೊಲ ಮಾರಲು ಹೊರಟಾಗ, ಕಾಗದದ ಮೇಲೆ ಯಾವ ಅಧಿಕಾರವೂ ಇಲ್ಲದ ದೊಡ್ಡತ್ತೆ ಬಂದು ಬೇಡ ಎಂದರು. ಮಾರಾಟ ನಿಂತಿತು. ಕೊಟ್ಟವಳ ಮಾತನ್ನು ತಳ್ಳಿಹಾಕುವ ಧೈರ್ಯ ಯಾರಿಗೂ ಇರಲಿಲ್ಲ.

ದ್ಯುಮೋಗೆ ಕಾಣದ್ದು ಇಲ್ಲಿದೆ. ಅಜ್ಜನ ತಂಗಿಯರೂ ತವರನ್ನು ಪ್ರೀತಿಸಿದರು, ಅವರಿಗೂ ಜಮೀನು ಬರಲಿಲ್ಲ. ಆದರೆ ಅವರು ಏನನ್ನೂ ಕೊಟ್ಟಂತಾಗಲಿಲ್ಲ, ಏಕೆಂದರೆ ಕೊಡಲು ಅವರ ಕೈಯಲ್ಲಿ ಏನೂ ಇರಲಿಲ್ಲ. ದೊಡ್ಡತ್ತೆಯನ್ನು ಪ್ರತ್ಯೇಕ ವ್ಯಕ್ತಿಯೆಂದು ಎಣಿಸಿದ ಕಾನೂನೇ ಅವರು ಮನೆತನಕ್ಕೆ ಸೇರಿರುವುದನ್ನು ಅವರದೇ ಕ್ರಿಯೆಯನ್ನಾಗಿ ಮಾಡಿತು. ವ್ಯಕ್ತಿಯ ಹಕ್ಕು ಬಂದರೆ ಬಂಧ ಸಡಿಲವಾಗುತ್ತದೆ ಎಂದು ವೇದಿಕೆಯ ಮೇಲೆ ಭಯಪಡುವವರು ಇದನ್ನು ನೋಡಬೇಕು. ಲೋಕವನ್ನು ಬಿಡದೆ, ಅದರಲ್ಲಿ ಮುಳುಗಿಯೂ ಹೋಗದೆ, ಒಳಗೇ ನಿಂತು ಹೂಂ ಅಥವಾ ಊಹೂಂ ಎನ್ನುವವರು ಇದ್ದಾರೆ. ಅವರ ಆ ಮಾತಿಗೆ ಬೆಲೆ ಬರಬೇಕಾದರೆ ಎರಡನ್ನೂ ಹೇಳುವ ದಾರಿ ತೆರೆದಿರಬೇಕು.

ವಾದ ಇಲ್ಲಿಗೆ ಮುಗಿಯುತ್ತಿತ್ತು, ಚಿಕ್ಕತ್ತೆ ಇಲ್ಲದಿದ್ದರೆ. ಅವರು ಪಾಲು ಕೇಳಿದರು, ಕೇಸು ಹಾಕಿದರು, ಪಡೆದರು. ಅಂದಿನಿಂದ ಗೌರಿ ಹಬ್ಬಕ್ಕೆ ತವರಿನ ಬಾಗಿನ ಹೋಗುತ್ತಿಲ್ಲ, ಮದುವೆಗಳಿಗೆ ಕರೆಯಿಲ್ಲ. ಊಹೂಂ ಎಂದವಳಿಗೆ ಇಂಥ ಶಿಕ್ಷೆ ಕಾದಿರುವಾಗ ದೊಡ್ಡತ್ತೆಯ ಹೂಂ ಎಷ್ಟರಮಟ್ಟಿಗೆ ಕೊಡುಗೆ, ಎಷ್ಟರಮಟ್ಟಿಗೆ ಹೆದರಿಕೆ? ಅದನ್ನು ಬೇರ್ಪಡಿಸಿ ಹೇಳುವುದು ದೊಡ್ಡತ್ತೆಗೂ ಕಷ್ಟ. ಮೇಲಾಗಿ, ಒಳಗೇ ನಿಂತು ಜಗಳವಾಡುವ ಅವಕಾಶ ಇರುವುದು ಒಳಗೆ ಬಿಟ್ಟುಕೊಂಡವರಿಗೆ. ಊರಿನ ಬಾವಿಯನ್ನೇ ಮುಟ್ಟಲು ಅವಕಾಶವಿಲ್ಲದ ದಲಿತರಿಗೆ ಆ ಊರಿನ ಒಳಗು ಯಾವುದು?

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್, ಕರಡು ಸಂವಿಧಾನ ಹಳ್ಳಿಯನ್ನು ಕೈಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಒಪ್ಪಿದೆ ಎಂದು ಸಂತೋಷಪಟ್ಟರು. ಸಮಾಜ ವ್ಯಕ್ತಿಯನ್ನು ಮೌಲ್ಯವೆಂದು ಒಪ್ಪಿದೆಯೇ ಎಂಬ ದ್ಯುಮೋ ಪ್ರಶ್ನೆಗೆ, ಆ ಪುಸ್ತಕ ಬರುವ ಮೊದಲೇ, ಕಾಗದದ ಮೇಲಾದರೂ ಸಿಕ್ಕಿದ್ದ ಉತ್ತರ ಅದು. ಆದರೆ ಅದೇ ಅಂಬೇಡ್ಕರ್, ತಾನು ಹಿಂದೂವಾಗಿ ಸಾಯುವುದಿಲ್ಲ ಎಂದು 1935ರಲ್ಲಿ ಯೇವಲಾದಲ್ಲಿ ಘೋಷಿಸಿದವರು, ಮರುದಿನವೇ ಒಬ್ಬರೇ ಹೊರಟುಬಿಡಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದಾಗ ಲಕ್ಷಾಂತರ ಜನ ಅವರ ಜೊತೆಗಿದ್ದರು. ವ್ಯಕ್ತಿಯ ಪರ ಅಷ್ಟು ಗಟ್ಟಿಯಾಗಿ ನಿಂತವರು ಹೊರಬಾಗಿಲಿನಾಚೆ ಮೊದಲು ಒಂದು ಬಳಗವನ್ನು ಕಟ್ಟಿಕೊಂಡರು.

ಚಿಕ್ಕತ್ತೆಗೆ ಅಂಥ ಬಳಗ ಸಿಗಲಿಲ್ಲ. ಅವರಿಗೆ ಸಿಕ್ಕಿದ್ದು ತೀರ್ಪಿನ ಪ್ರತಿ ಮತ್ತು ಜಮೀನು. ಹಾಗಾದರೆ ಕಾನೂನು ಕೊಟ್ಟ ಹಕ್ಕು ಸಾಲದು, ಹೊರಬಂದವರನ್ನು ಸೇರಿಸಿಕೊಳ್ಳುವ ಇನ್ನೊಂದು ಆಸರೆಯೂ ಬೇಕು. ಆ ಆಸರೆ ಎರಡು ತಲೆಮಾರು ಕಳೆಯುವಷ್ಟರಲ್ಲಿ ತಾನೂ ಬಾಗಿಲು ಮುಚ್ಚಲು ಕಲಿಯುತ್ತದೆಯೇ? ದ್ಯುಮೋ ಲಿಂಗಾಯತರ ಬಗ್ಗೆ ಎತ್ತಿದ್ದು ಇದೇ ಪ್ರಶ್ನೆಯನ್ನು, ಮತ್ತು ಅವರ ವಿರುದ್ಧ ಇಷ್ಟು ದೂರ ವಾದಿಸಿದ ಮೇಲೂ ಅದಕ್ಕೆ ಈ ಲೇಖಕಿಯಲ್ಲಿ ಉತ್ತರ ಸಿದ್ಧವಿಲ್ಲ.